ಬಾಟಾ ಬಾರಿಸಿದರೆ ಶಾಂಗೊ ಬರ್ತಾನೆ: ಯೊರುಬಾ ನಾಡಿನಲ್ಲಿ ಡೋಲುಗಳ ಹಿಂದೆ

ಭಾನುವಾರ, ಲಾಗೋಸ್

ನೈಜೀರಿಯಾದ ಲಾಗೋಸ್‌ನಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತಾಡುವ ಡೋಲು ಚರ್ಚ್‌ನದ್ದು. ಹಾಸನದ ಗೆಳೆಯನೊಬ್ಬ ಅಲ್ಲಿನ ಇಕೇಜಾದಲ್ಲಿ ಕೆಲಸಕ್ಕಿದ್ದಾನೆ. ಅವನ ಮನೆಯಲ್ಲಿ ಇಳಿದುಕೊಂಡಿದ್ದೆ. ಪ್ರಯಾಣದ ಸುಸ್ತಿಗೆ ಹತ್ತು ಗಂಟೆವರೆಗೂ ಮಲಗೋಣ ಅಂದುಕೊಂಡರೆ ಎದುರು ಬೀದಿಯ ಚರ್ಚ್ ಬಿಡಬೇಕಲ್ಲ. ಕೀಬೋರ್ಡ್, ಡ್ರಮ್ ಸೆಟ್, ಆಳೆತ್ತರದ ಸ್ಪೀಕರ್‌ಗಳು. ಅವೆಲ್ಲವನ್ನೂ ಸೀಳಿಕೊಂಡು ಒಂದು ಡೋಲಿನ ಸದ್ದು ಬರುತ್ತಿತ್ತು. ಅದು ತಾಳ ಹಾಕುತ್ತಿರಲಿಲ್ಲ. ಪಾದ್ರಿ ಒಂದು ಸಾಲು ಹೇಳಿ ನಿಲ್ಲಿಸಿದರೆ ಡೋಲು ಮುಂದಿನ ಸಾಲು ಎತ್ತಿಕೊಳ್ಳುತ್ತಿತ್ತು. ಜನ ಹೋ ಅನ್ನುತ್ತಿದ್ದರು.

ಗೆಳೆಯನ ಕಾರು ಓಡಿಸುವವರು ಯೊರುಬಾದವರು, ನಲವತ್ತು ದಾಟಿದ ಕ್ರಿಶ್ಚಿಯನ್. ಯೊರುಬಾ ಅಂದರೆ ನೈಜೀರಿಯಾದ ನೈರುತ್ಯ ಭಾಗದ ಜನ, ಅವರ ಮಾತಿಗೂ ಅದೇ ಹೆಸರು. "ಒಳಗೆ ಬನ್ನಿ, ಯಾರೂ ಏನೂ ಅನ್ನಲ್ಲ" ಅಂತ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿಸಿದರು.

ಆ ಡೋಲಿನ ಹೆಸರು ಡುಂಡುನ್. ನಡು ಸಣ್ಣ, ಎರಡು ಬಾಯಿ, ಎರಡಕ್ಕೂ ಆಡಿನ ತೊಗಲು. ಬಾಯಿಂದ ಬಾಯಿಗೆ ಸುತ್ತಲೂ ತೊಗಲಿನ ದಾರ ಬಿಗಿದಿರುತ್ತಾರೆ. ಎಡಗೈಯಲ್ಲಿ ದಾರ ಹಿಂಡಿದರೆ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಬಲಗೈಯಲ್ಲಿ ತುದಿ ಬಾಗಿದ ಒಂದು ಕೋಲು. ಯೊರುಬಾ ಮಾತೇ ಸ್ವರದ ಮೇಲೆ ನಿಂತಿದೆ. ಪ್ರತಿ ಅಕ್ಷರವೂ ಮೇಲೆ, ನಡುವೆ ಅಥವಾ ಕೆಳಗೆ ಇರಬೇಕು. 'ಬಾಟಾ' ಅನ್ನುವ ಎರಡೂ ಅಕ್ಷರವನ್ನು ಕೆಳಗೇ ಇಟ್ಟು ಹೇಳಿದರೆ ಕಾಲಿಗೆ ಹಾಕುವ ಷೂ. (ನಮ್ಮಲ್ಲೂ ಹಾಗೇ ಅಲ್ವಾ!) ಎರಡನೆಯ ಅಕ್ಷರವನ್ನು ಮೇಲಕ್ಕೆತ್ತಿದರೆ ದೇವರ ಡೋಲು. ಡುಂಡುನ್ ಈ ಏರಿಳಿತವನ್ನು ನುಡಿಸುತ್ತದೆ, ಅಕ್ಷರಗಳನ್ನು ಕೇಳುವವರು ತುಂಬಿಕೊಳ್ಳುತ್ತಾರೆ. ಒಂದೇ ಏರಿಳಿತಕ್ಕೆ ಹತ್ತು ಮಾತು ಹೊಂದಬಹುದು. ಅದಕ್ಕೇ ಡೋಲಿನವರು ಬಿಡಿ ಪದ ನುಡಿಸುವುದು ಕಡಿಮೆ. ಗಾದೆ, ಬಿರುದು, ವಂಶದ ಹೊಗಳಿಕೆ, ಹೀಗೆ ಊರಿಗೆಲ್ಲ ಬಾಯಿಪಾಠ ಇರುವ ಉದ್ದುದ್ದ ಸಾಲುಗಳನ್ನೇ ಹಿಡಿಯುತ್ತಾರೆ. ಹೊಗಳಿಕೆಯ ಸಾಲುಗಳಿಗೆ ಒರಿಕಿ ಅನ್ನುತ್ತಾರೆ. ಮನುಷ್ಯರಿಗೂ ಒರಿಕಿ ಇದೆ, ಊರಿಗೂ ಇದೆ, ದೇವರಿಗೂ ಇದೆ.

ಹೊರಗೆ ಬಂದ ಮೇಲೆ ಡ್ರೈವರ್ ಹತ್ತಿರ ಕೇಳಿದೆ, "ಇಲ್ಲಿ ಬಾಟಾ ಬಾರಿಸಲ್ವಾ?"

"ನಮ್ಮ ಚರ್ಚಲ್ಲಿ ಇಲ್ಲ." ಜೋರಾಗಿ ನಕ್ಕರು. "ಡುಂಡುನ್ ಎಲ್ಲರದ್ದು. ಮದುವೆ, ರಂಜಾನ್, ಯೇಸು, ಎಲೆಕ್ಷನ್, ಯಾರು ಕರೆದರೂ ಹೋಗುತ್ತೆ. ಬಾಟಾ ಹಾಗಲ್ಲ. ಅದನ್ನ ಬಾರಿಸಿ ನಿಜವಾಗ್ಲೂ ಶಾಂಗೊ ಬಂದುಬಿಟ್ರೆ ಪಾದ್ರಿ ಏನು ಮಾಡ್ಬೇಕು ಹೇಳಿ?"

ಶಾಂಗೊ ಅಂದರೆ ಯೊರುಬಾದವರ ಸಿಡಿಲಿನ ದೇವರು, ಬಾಟಾ ಅವನನ್ನು ಕರೆಯುವ ಡೋಲು. ನಾನು ಅಷ್ಟು ದೂರ ಹೋದದ್ದೇ ಆ ಬಾಟಾ ಹುಡುಕಿಕೊಂಡು.

ಸೋಮವಾರ, ಇಬಾದಾನ್

ಲಾಗೋಸ್‌ನಿಂದ ಇಬಾದಾನ್‌ಗೆ 2021ರಿಂದ ಹೊಸ ರೈಲು ಓಡುತ್ತಿದೆ. 157 ಕಿ.ಮೀ. ದಾರಿ. ಎಬುಟೆ ಮೆಟ್ಟಾದ ಮೊಬೊಲಾಜಿ ಜಾನ್ಸನ್ ನಿಲ್ದಾಣದಲ್ಲಿ ಹತ್ತಿದರೆ ಅಬೆಯೊಕುಟಾ ದಾಟಿ ಇಬಾದಾನ್ ಹೊರವಲಯದ ಮೊನಿಯಾದಲ್ಲಿ ಇಳಿಸುತ್ತದೆ. ಎಸಿ ಇದೆ, ಸೀಟು ಚೆನ್ನಾಗಿದೆ. ಲಾಗೋಸ್ ರಸ್ತೆಯ ಟ್ರಾಫಿಕ್ ನೋಡಿದವರು ಬೇರೆ ಯೋಚನೆ ಮಾಡುವುದೇ ಬೇಡ.

ಮಧ್ಯಾಹ್ನ ಅಮಲಾ ಊಟ. ಒಣಗಿಸಿದ ಯಾಮ್ ಗೆಡ್ಡೆಯ ಹಿಟ್ಟಿನಿಂದ ಮಾಡುವ ಕಂದು ಮುದ್ದೆ. ಬಣ್ಣದಲ್ಲೂ ಮೈಯಲ್ಲೂ ನಮ್ಮ ರಾಗಿಮುದ್ದೆಯ ತಮ್ಮನೇ ಸರಿ. ಜೊತೆಗೆ ಲೋಳೆ ಲೋಳೆಯಾದ ಎವೆದು ಸೊಪ್ಪು, ಅಲಸಂದೆ ಜಾತಿಯ ಕಾಳಿನ ಹಳದಿ ಸಾರು. ಸಾರಿನ ಹೆಸರು ಗ್ಬೆಗಿರಿ. ಮಾಂಸ ಬೇಡ ಅಂದಿದ್ದಕ್ಕೆ ಬಡಿಸುವ ಅಮ್ಮ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು.

ಇಬಾದಾನ್ ರೇಡಿಯೋದ ಹಳೆಯ ಸಿಗ್ನೇಚರ್ ಟ್ಯೂನ್ ಕೂಡ ಮಾತಾಡುವ ಡೋಲಿನದ್ದೇ. ಊರಿನ ಜನ ಅದಕ್ಕೆ ತಮ್ಮದೇ ಮಾತು ಜೋಡಿಸಿಕೊಂಡಿದ್ದರು: "ಒಲುಬಾದಾನ್ ತೀರಿಕೊಂಡರೆ ಪಟ್ಟ ಯಾರಿಗೆ?" ಒಲುಬಾದಾನ್ ಅಂದರೆ ಇಲ್ಲಿನ ಅರಸ. ಡೋಲು ಹೇಳಿದ್ದು ಒಂದು, ಜನ ಕೇಳಿಸಿಕೊಂಡದ್ದು ಇನ್ನೊಂದು. ಸರ್ಕಾರಿ ರೇಡಿಯೋ ದಿನಾ ಬೆಳಿಗ್ಗೆ ಅರಸನ ಸಾವಿನ ಮಾತು ಎತ್ತುತ್ತಿದ್ದರೆ ಮಜಾ ಅಲ್ವಾ?

ಮಂಗಳವಾರ, ಓಯೊ

ಇಬಾದಾನ್‌ನಿಂದ ಉತ್ತರಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್. ಓಯೊದಲ್ಲಿ ನನಗೆ ಜೊತೆಯಾದವರು ಗೆಳೆಯನ ಪರಿಚಯದ ಒಬ್ಬ ಸ್ಕೂಲ್ ಮೇಷ್ಟ್ರು. ಅವರ ಇಂಗ್ಲಿಷ್ ಇಲ್ಲದಿದ್ದರೆ ಈ ಬರಹವೇ ಇಲ್ಲ.

ಈಗಿನ ಓಯೊ ಹಳೆಯ ಓಯೊ ಅಲ್ಲ. ಓಯೊ ಸಾಮ್ರಾಜ್ಯದ ರಾಜಧಾನಿ ಇನ್ನೂ ಉತ್ತರಕ್ಕಿತ್ತು. 19ನೇ ಶತಮಾನದ ಮೊದಲ ಭಾಗದಲ್ಲಿ ಒಳಜಗಳ ಮತ್ತು ಉತ್ತರದ ದಾಳಿಗಳಿಗೆ ಅದು ಬಿತ್ತು. 1830ರ ದಶಕದಲ್ಲಿ ಅತಿಬಾ ಎಂಬ ಅಲಾಫಿನ್ ಈಗಿನ ಜಾಗಕ್ಕೆ ರಾಜಧಾನಿ ತಂದ. ಅಲಾಫಿನ್ ಅಂದರೆ ಓಯೊದ ರಾಜ. ಶಾಂಗೊ ಕೂಡ ಬಹಳ ಹಿಂದೆ ಅಲಾಫಿನ್ ಆಗಿದ್ದವನೇ, ಸತ್ತ ಮೇಲೆ ಸಿಡಿಲಿನ ದೇವರಾದ ಅನ್ನುವುದು ಇಲ್ಲಿನವರ ನಂಬಿಕೆ. ನೇಣು ಹಾಕಿಕೊಂಡ ಅಂತ ವೈರಿಗಳ ಮಾತು. ನೇಣು ಹಾಕಿಕೊಳ್ಳಲೇ ಇಲ್ಲ ಅಂತ ಭಕ್ತರ ಮಾತು. ಆ ಜಗಳ ಇನ್ನೂ ಮುಗಿದಿಲ್ಲ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಇಲ್ಲಿ ನಡೆಯುವ ಶಾಂಗೊ ಹಬ್ಬವನ್ನು ಯುನೆಸ್ಕೊ 2023ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಬೆಳಿಗ್ಗೆ ಡೋಲು ಮಾಡುವವರ ಅಂಗಳಕ್ಕೆ ಹೋದೆವು. ಮೇಷ್ಟ್ರು ಒಳಗೆ ಕಾಲಿಟ್ಟವರೇ ಹಿರಿಯರ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ಇಲ್ಲಿ ಗಂಡಸರು ಹಿರಿಯರಿಗೆ ಹಾಗೇ ನಮಸ್ಕಾರ ಮಾಡುವುದು, ಹೆಂಗಸರು ಮಂಡಿಯೂರುತ್ತಾರೆ. ನಾನೂ ಬಗ್ಗಿದೆ. "ಸಾಕು ಸಾಕು" ಅಂತ ನಕ್ಕು ಎಬ್ಬಿಸಿದರು. ಎಲ್ಲರೂ ಅವರನ್ನು ಬಾಬಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಅಂಗಳದ ತುಂಬ ಮರದ ಹೊಟ್ಟು. ಒಂದು ಮೂಲೆಯಲ್ಲಿ ಕೊರೆದಿಟ್ಟ ಬೊಡ್ಡೆಗಳು, ಇನ್ನೂ ಹಸಿ, ಬಿಸಿಲು ತಾಗದ ಹಾಗೆ ಚೀಲ ಹೊದಿಸಿದ್ದಾರೆ. ಬೇಗ ಒಣಗಿದರೆ ಸೀಳುತ್ತದಂತೆ. ಡುಂಡುನ್‌ಗೆ ಆಪಾ ಮರ ಒಳ್ಳೆಯದು. ಅದರಲ್ಲೂ ದಾರಿ ಪಕ್ಕ ಬೆಳೆದ ಮರ. ವರ್ಷಾನುಗಟ್ಟಲೆ ಜನ ಮಾತಾಡುತ್ತ ಓಡಾಡಿದ್ದನ್ನು ಕೇಳಿದ ಮರ ಬೇಗ ಮಾತು ಕಲಿಯುತ್ತದೆ ಅನ್ನುತ್ತಾರೆ. ಕಾಡಿನ ನಡುವಿನ ಮರಕ್ಕೆ ಏನು ಗೊತ್ತು, ಪಾಪ.

ಹುಡುಗನೊಬ್ಬ ನೆನೆಸಿದ ಆಡಿನ ತೊಗಲನ್ನು ಮಂಡಿಯ ಮೇಲೆ ಹಾಸಿಕೊಂಡು ಕೂದಲು ಹೆರೆಯುತ್ತಿದ್ದ. ಹೆರೆದ ಜಾಗ ಬೆಳಕಿಗೆ ಹಿಡಿದರೆ ಅವನ ಬೆರಳು ಆಚೆಯಿಂದ ಕಾಣಿಸುತ್ತಿತ್ತು. ಅಷ್ಟು ತೆಳು. ಅದನ್ನು ಬಳೆಗೆ ಸುತ್ತಿ, ತೊಗಲಿನ ದಾರದಲ್ಲಿ ಹೊಲಿದು, ಒದ್ದೆ ಇರುವಾಗಲೇ ಬಿಗಿಯಬೇಕು. ತಾಯಿ ಡೋಲಿನ ಬಾಯಿ ಸುತ್ತ ಸಣ್ಣ ಹಿತ್ತಾಳೆ ಗೆಜ್ಜೆಗಳನ್ನು ಕಟ್ಟುತ್ತಾರೆ, ಅದಕ್ಕೆ ಶಾವೊರೊ ಅನ್ನುತ್ತಾರೆ. ಮೇಳದ ದೊಡ್ಡ ಡೋಲು ಯಾವಾಗಲೂ ತಾಯಿ: ಇಯಾ ಇಲು. ಉಳಿದವು ಅವಳ ಹಿಂದೆ.

ಡೋಲು ಸಿದ್ಧವಾದ ಮಾತ್ರಕ್ಕೆ ಪೂಜೆಗೆ ಬರುವುದಿಲ್ಲ. ಅದಕ್ಕೆ ಆಯಾನ್ ಬೇಕು. ಆಯಾನ್ ಅಗಾಲು ಅಂದರೆ ಡೋಲಿನ ದೇವತೆ, ಮೊದಲ ಬಾರಿಸುವವನು. ಬಾರಿಸುವ ವಂಶದಲ್ಲಿ ಹುಟ್ಟಿದ ಮಕ್ಕಳ ಹೆಸರು ಆಯಾನ್ ಅಂತಲೇ ಶುರುವಾಗುತ್ತದೆ. ಹೆಸರು ಕೇಳಿದರೆ ಸಾಕು, ಮನೆತನದ ಕಸುಬು ಗೊತ್ತಾಗುತ್ತದೆ. ಈಗ ಕೆಲವರು ಆ ಭಾಗವನ್ನು ಬಿಟ್ಟುಬಿಡುತ್ತಿದ್ದಾರೆ, ಚರ್ಚ್‌ಗೋ ಮಸೀದಿಗೋ ಸೇರಿದ ಮೇಲೆ ಹೆಸರಿನಲ್ಲಿ ಹಳೆಯ ದೇವರು ಬೇಡ ಅಂತ.

ಯೊರುಬಾದವರ ಹಳೆಯ ವಾರಕ್ಕೆ ನಾಲ್ಕೇ ದಿನ. ಮನುಷ್ಯರನ್ನು ಮಾಡಿದ ಒಬಾತಲಾಗೆ ಒಂದು, ಕಣಿ ಹೇಳುವ ಇಫಾಗೆ ಒಂದು, ಕಬ್ಬಿಣದ ದೇವರು ಓಗುನ್‌ಗೆ ಒಂದು, ಶಾಂಗೊಗೆ ಒಂದು. ನಮ್ಮ ಮಂಗಳವಾರ ಅವರಿಗೆ ಶಾಂಗೊನ ದಿನವಾಗಿ ಬಂದಿತ್ತು. ಮೇಷ್ಟ್ರು ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಸಂಜೆ ಒಂದು ದೊಡ್ಡ ಕುಟುಂಬದ ಮನೆಗೆ ಕರೆದುಕೊಂಡು ಹೋದರು. ತಗಡಿನ ಮಾಡು, ಮಣ್ಣಿನ ಗೋಡೆ, ಒಳಗಿನ ಕೋಣೆಯೇ ಗುಡಿ.

ಬೋರಲು ಹಾಕಿದ ಮರದ ಒರಳು. ಅದರ ಮೇಲೆ ಒಂದು ಬಟ್ಟಲು. ಬಟ್ಟಲಿನಲ್ಲಿ ನುಣುಪಾದ ಕಲ್ಲಿನ ಕೊಡಲಿಗಳು. ಸಿಡಿಲು ಬಡಿದಾಗ ನೆಲಕ್ಕೆ ಬೀಳುವುದು ಇವೇ ಅನ್ನುತ್ತಾರೆ. ಅಗೆದಾಗ ಸಿಗುವ ನವಶಿಲಾಯುಗದ ಕೊಡಲಿಗಳು ಅಂತ ಪುರಾತತ್ವದವರು ಹೇಳುತ್ತಾರೆ. ಪಕ್ಕದಲ್ಲಿ ಎರಡು ಅಲುಗಿನ ಕೊಡಲಿ ಕೆತ್ತಿದ ಮರದ ದಂಡಗಳು, ಕೈಯಿಂದ ಕೈಗೆ ಹೋಗಿ ಹಿಡಿ ಕಪ್ಪಗೆ ಹೊಳೆಯುತ್ತಿತ್ತು. ಎಡೆಗೆ ಒರೊಗ್ಬೊ ಅನ್ನುವ ಕಹಿ ಬೀಜ. ಇನ್ನೊಂದು ಮಣ್ಣಿನ ತಟ್ಟೆಯಲ್ಲಿ ಏನಿರಬಹುದು ಹೇಳಿ? ಅಮಲಾ ಮತ್ತು ಗ್ಬೆಗಿರಿ! ಶಾಂಗೊಗೆ ಅದೇ ಇಷ್ಟವಂತೆ. ಹಿಂದಿನ ದಿನ ದೇವರ ಊಟವನ್ನೇ ಹೊಡೆದು ಬಂದಿದ್ದೆ.

ಪೂಜೆ ಮಾಡುವವರು ವಯಸ್ಸಾದ ಅಮ್ಮ. ಕೈಯಲ್ಲಿ ಉದ್ದ ಕತ್ತಿನ ಸೋರೆ ಬುರುಡೆ, ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನುತ್ತಿತ್ತು. ಎಲ್ಲ ಸಿದ್ಧವಿತ್ತು. ಆದರೂ ಶುರುವಾಗಲಿಲ್ಲ. ಯಾಕೆ ಅಂತ ಕೇಳಿದರೆ "ಬಾರಿಸುವವರು ನಮಾಜಿಗೆ ಹೋಗಿದ್ದಾರೆ" ಅಂದರು ಮೇಷ್ಟ್ರು. ಸರಿಯಾಗಿ ಕೇಳಿಸಿತಾ ಅಂತ ಇನ್ನೊಮ್ಮೆ ಕೇಳಿದೆ. ನಮಾಜಿಗೇ.

ಸ್ವಲ್ಪ ಹೊತ್ತಿಗೆ ಬಂದರು. ತಲೆಗೆ ಬಿಳಿ ಟೋಪಿ, ಕೈ ಇನ್ನೂ ಒದ್ದೆ. ಕೊರಳಿಗೆ ಬಾಟಾ ಏರಿಸಿಕೊಂಡರು.

ಬಾಟಾ ಗಟ್ಟಿಮುಟ್ಟು ಡೋಲು. ಒಂದು ಬಾಯಿ ದೊಡ್ಡದು, ಇನ್ನೊಂದು ಚಿಕ್ಕದು. ದೊಡ್ಡ ಬಾಯಿಯ ನಡುವೆ ಕಪ್ಪು ಕರಣೆ ಮೆತ್ತಿರುತ್ತಾರೆ, ಸ್ವರ ತಗ್ಗಿಸಲು. ದೊಡ್ಡ ಬಾಯಿಗೆ ಬರಿಗೈ, ಚಿಕ್ಕದಕ್ಕೆ ಗಟ್ಟಿ ತೊಗಲಿನ ಪಟ್ಟಿ. ಪಟ್ಟಿಯ ಪೆಟ್ಟು ಚಟೀರ್ ಅಂತ ಬೀಳುತ್ತದೆ, ಕಿವಿಗೆ ತಾಗುವ ಮುಂಚೆ ಎದೆಗೆ ತಾಗಿದ ಹಾಗೆ. ತಾಯಿ ಡೋಲಿನ ಜೊತೆ ಒಮೆಲೆ ಅನ್ನುವ ಚಿಕ್ಕವು. ಡುಂಡುನ್ ಸಲೀಸಾಗಿ ಮಾತಾಡುತ್ತದೆ, ಬಾಟಾ ತೊದಲುತ್ತದೆ ಅನ್ನುವ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ದಾರ ಹಿಂಡಿ ಸ್ವರ ಎಳೆಯುವ ಅನುಕೂಲ ಬಾಟಾಗೆ ಇಲ್ಲ. ಎರಡು ಬಾಯಿಯ ಪೆಟ್ಟುಗಳನ್ನು ಸೇರಿಸಿಯೇ ಮಾತು ಕಟ್ಟಬೇಕು. ಸಾಮಾನ್ಯ ಜನಕ್ಕೆ ಅರ್ಧಂಬರ್ಧ ತಿಳಿಯುತ್ತದೆ. ದೇವರಿಗೆ ಪೂರ್ತಿ ತಿಳಿದರೆ ಸಾಕು ತಾನೇ.

ಮೊದಲು ಹಿರಿಯರಿಗೆ ನಮಸ್ಕಾರ, ಸತ್ತುಹೋದ ಬಾರಿಸುವವರಿಗೆ, ಆಯಾನ್‌ಗೆ. ಆಮೇಲೆ ದಾರಿ ಬಿಡಿಸುವ ಎಶು. ಎಶುವನ್ನು ಕೇಳದೆ ಯಾವ ದೇವರನ್ನೂ ಕರೆಯುವ ಹಾಗಿಲ್ಲ. ಅದಾದ ಮೇಲೆ ಶಾಂಗೊನ ಒರಿಕಿ ಶುರುವಾಯಿತು. ಮೇಷ್ಟ್ರು ನನ್ನ ಕಿವಿಯಲ್ಲಿ ಒಂದೊಂದೇ ತಿಳಿದಷ್ಟು ಹೇಳುತ್ತಿದ್ದರು. ಬಾಯಲ್ಲಿ ಬೆಂಕಿ ಇರುವವನು, ಗೋಡೆ ಸೀಳುವವನು, ಸುಳ್ಳುಗಾರನ ಮನೆ ಹುಡುಕಿಕೊಂಡು ಬರುವವನು. ನಡುನಡುವೆ "ಇದು ಗೊತ್ತಾಗಲಿಲ್ಲ" ಅನ್ನುತ್ತಿದ್ದರು.

ಕುಣಿಯುವವನು ಮೂವತ್ತರ ಆಸುಪಾಸಿನ ಗಂಡಸು. ಹೆಂಗಸರ ಹಾಗೆ ಜಡೆ ಹೆಣೆದುಕೊಂಡಿದ್ದ, ಮೈಮೇಲೆ ಕೆಂಪು. ಶಾಂಗೊ ಮೈಮೇಲೆ ಬರುವವರಿಗೆ ಜಡೆ ಇರಲೇಬೇಕು. ಮೊದಲು ಸುಮ್ನೆ ಹೆಜ್ಜೆ ಹಾಕುತ್ತಿದ್ದ. ಬಾರಿಸುವವರ ಕಣ್ಣು ಅವನ ಪಾದ ಬಿಟ್ಟು ಕದಲಲಿಲ್ಲ. ಒಂದು ಹಂತದಲ್ಲಿ ಅವನ ಭುಜ ಎರಡು ಸಲ ತಾನಾಗಿ ಅದುರಿತು. ತಕ್ಷಣ ಇವರು ಅದೇ ಸಾಲಿಗೆ ಹಿಂದಿರುಗಿದರು, ಮತ್ತೆ ಮತ್ತೆ ಅದನ್ನೇ ಹೊಡೆದರು, ಪ್ರತಿ ಸಲ ಇನ್ನಷ್ಟು ಒತ್ತಿ. ಯಾವ ಸಾಲಿಗೆ ಅವನು ಅಲುಗಿದನೋ ಅದನ್ನು ಬಿಡಲೇ ಇಲ್ಲ. ಅಮ್ಮ ಬುರುಡೆ ಆಡಿಸುತ್ತ ಪಕ್ಕಕ್ಕೆ ಸರಿದು ನಿಂತಿದ್ದರು. ಅಷ್ಟು ಹೊತ್ತಿಗೆ ನನಗೆ ಸ್ಪಷ್ಟವಾಯಿತು: ಈ ಕೋಣೆಯಲ್ಲಿ ದೇವರನ್ನು ಕರೆಯುವ ಕೆಲಸ ಪೂಜಾರಿಯದ್ದಲ್ಲ. ಗುಡಿ ಅಮ್ಮನದ್ದು, ಎಡೆ ಅಮ್ಮನದ್ದು. ಕರೆ ಮಾತ್ರ ಟೋಪಿ ಹಾಕಿಕೊಂಡು ಬಂದ ಆ ಮನುಷ್ಯನದ್ದು.

ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಬರೆಯಬೇಡಿ ಅಂತ ಅಮ್ಮ ಕೇಳಿಕೊಂಡರು. ಫೋಟೋ ಕೂಡ ಇಲ್ಲ.

ಎಲ್ಲ ಮುಗಿದು ಜಗಲಿಯಲ್ಲಿ ನೀರು ಕುಡಿಯುತ್ತ ಕೂತಾಗ ಬಾರಿಸುವವರನ್ನೇ ಕೇಳಿದೆ. ಮುಸ್ಲಿಮರಾಗಿ ಶಾಂಗೊನನ್ನು ಕರೆಯೋದು ಕಷ್ಟ ಆಗಲ್ವಾ? ಬಹಳ ಜನ ಕೇಳಿರಬೇಕು, ಉತ್ತರ ಸಿದ್ಧವಾಗಿತ್ತು. "ನಮಾಜು ನನ್ನದು. ಡೋಲು ನಮ್ಮಪ್ಪನದ್ದು."

ಬುಧವಾರ, ಎರಿನ್-ಓಶುನ್

ಓಯೊದಿಂದ ಓಶೊಗ್ಬೊ ಕಡೆಗೆ ಬಾಡಿಗೆ ಕಾರು. ದಾರಿಯುದ್ದಕ್ಕೂ ಗುಂಡಿ. ಎರಿನ್-ಓಶುನ್ ಅನ್ನುವುದು ಓಶೊಗ್ಬೊ ಪಕ್ಕದ ಸಣ್ಣ ಊರು. ಬಾಟಾ ಕಲಿಯಲು ಅಮೆರಿಕ, ಯುರೋಪ್‌ನಿಂದ ಜನ ಹುಡುಕಿಕೊಂಡು ಬರುವುದು ಇಲ್ಲಿಗೆ. ಇಲ್ಲಿ ಬಾರಿಸುವ ಆಯಾನ್ ಮನೆಗಳೂ ಇವೆ, ಎಗುಂಗುನ್ ವೇಷ ಕಟ್ಟುವ ಮನೆಗಳೂ ಇವೆ. ಎಗುಂಗುನ್ ಅಂದರೆ ಸತ್ತ ಹಿರಿಯರು ಬಟ್ಟೆಯ ಮುಸುಕಿನಲ್ಲಿ ಊರಿಗೆ ಮರಳುವುದು. ಅವರಿಗೂ ಬಾಟಾ ಬೇಕು.

ಮನೆಯ ಮುಂದೆ ಮಕ್ಕಳ ಪಾಠ ನಡೆದಿತ್ತು. ಆರೇಳು ವರ್ಷದ ಹುಡುಗ ಒಮೆಲೆ ಹಿಡಿದು ಒಂದೇ ಪೆಟ್ಟಿನ ಸಾಲನ್ನು ಬಿಡದೆ ಬಾರಿಸುತ್ತಿದ್ದ. ನಿಲ್ಲಿಸುವ ಹಾಗಿಲ್ಲ, ಬದಲಾಯಿಸುವ ಹಾಗಿಲ್ಲ. ಎದುರಿಗೆ ಕೂತ ಚಿಕ್ಕಪ್ಪ ತಾಯಿ ಡೋಲಿನಲ್ಲಿ ಏನೇನೋ ಹೊಡೆದು ಅವನನ್ನು ದಾರಿ ತಪ್ಪಿಸಲು ನೋಡುತ್ತಿದ್ದರು. ಹುಡುಗನ ನಾಲಗೆ ತುದಿ ಹೊರಗೆ ಬಂದಿತ್ತು, ಕೈ ಮಾತ್ರ ಅಲ್ಲೇ ಇತ್ತು. ತಾಯಿ ಡೋಲು ಕೈಗೆ ಬರುವುದು ಎಷ್ಟೋ ವರ್ಷ ಆದ ಮೇಲೆ. ಅಷ್ಟರಲ್ಲಿ ಊರಿನ ಒರಿಕಿ, ದೇವರ ಒರಿಕಿ, ಮನೆಮನೆಯ ಒರಿಕಿ ಬಾಯಿಗೆ ಬಂದಿರಬೇಕು. ಕೈ ಎಷ್ಟೇ ಚುರುಕಿದ್ದರೂ ಹೇಳಲು ಮಾತಿಲ್ಲದವನು ಇಯಾ ಇಲು ಹಿಡಿದು ಏನು ಮಾಡುತ್ತಾನೆ?

ಬಾಟಾದವರಿಗೆ ತಮ್ಮದೇ ಒಂದು ಗುಟ್ಟಿನ ಮಾತಿದೆ, ಹೆಸರು ಎನಾ. ಡೋಲಿನ ಪೆಟ್ಟುಗಳನ್ನೇ ಬಾಯಿಯ ಅಕ್ಷರ ಮಾಡಿಕೊಂಡು ಆಡುವುದು. ಪಾಠಕ್ಕೂ ಅದೇ, ಜಗಳಕ್ಕೂ ಅದೇ. ಚಿಕ್ಕಪ್ಪ ನನ್ನ ಕಡೆ ನೋಡಿ ಹುಡುಗನಿಗೆ ಎನಾದಲ್ಲಿ ಏನೋ ಅಂದರು. ಹುಡುಗ ಬಿದ್ದು ಬಿದ್ದು ನಕ್ಕ. ಯೊರುಬಾ ತಾಯ್ನುಡಿಯ ಮೇಷ್ಟ್ರಿಗೂ ಗೊತ್ತಾಗಲಿಲ್ಲ.

"ನಿಮ್ಮ ಅಪ್ಪನ ಹೆಸರು ಹೇಳಿ, ಕರೀತೀವಿ" ಅಂದರು. ರಾಮಚಂದ್ರಪ್ಪ ಅಂದೆ. ಇನ್ನೊಮ್ಮೆ ಹೇಳಿ ಅಂದರು, ಹೇಳಿದೆ. ಮತ್ತೊಮ್ಮೆ. ತಲೆ ಅಲ್ಲಾಡಿಸಿದರು. ನಾನು ಪ್ರತಿ ಸಲವೂ ಬೇರೆ ರಾಗದಲ್ಲಿ ಹೇಳುತ್ತಿದ್ದೇನಂತೆ! ಯಾವುದು ಸರಿ ಅಂತ ಕೇಳಿದರು. ಎಲ್ಲವೂ ಸರಿ ಅಂದರೆ ಅವರಿಗೆ ನಂಬಿಕೆ ಬರಲಿಲ್ಲ. ಕೊನೆಗೆ ತಮಗೆ ಚೆಂದ ಕಂಡದ್ದನ್ನು ಆರಿಸಿಕೊಂಡು ಡುಂಡುನ್‌ನಲ್ಲಿ ಹೊಡೆದರು. ಗದರಿಸುವ ಹಾಗೆ ಕೇಳಿಸಿತು. ಅಪ್ಪನಿಗೆ ಪರವಾಗಿಲ್ಲ, ಹೊಂದುತ್ತದೆ.

ಇದೇ ಬಾಟಾ ಸಮುದ್ರ ದಾಟಿ ಕ್ಯೂಬಾಕ್ಕೂ ಹೋಗಿದೆ. ಓಯೊ ಬಿದ್ದ ಕಾಲದ ಯುದ್ಧಗಳಲ್ಲಿ ಸೆರೆ ಸಿಕ್ಕವರನ್ನು ಗುಲಾಮರಾಗಿ ಮಾರಿದರು. ಕ್ಯೂಬಾ ಮತ್ತು ಬ್ರೆಜಿಲ್‌ನ ಬಹಿಯಾಕ್ಕೆ ಹೋದವರಲ್ಲಿ ಯೊರುಬಾದವರು ಬಹಳ. 1830ರ ಸುಮಾರಿಗೆ ಹವಾನಾದಲ್ಲಿ ಅನ್ಯಾಬಿ, ಅತಾಂಡಾ ಎಂಬ ಇಬ್ಬರು ಮೊದಲ ಬಾಟಾ ಕಟ್ಟಿ ಪ್ರತಿಷ್ಠೆ ಮಾಡಿದರು ಅಂತ ಅಲ್ಲಿಯವರು ನೆನೆಯುತ್ತಾರೆ. ಗುಡಿಯ ಒಳಗಿದ್ದ ಈ ಡೋಲುಗಳನ್ನು 1930ರ ದಶಕದಲ್ಲಿ ಫರ್ನಾಂಡೊ ಒರ್ಟಿಸ್ ಎಂಬ ವಿದ್ವಾಂಸರು ಮೊದಲ ಸಲ ಸಭೆಯ ಮುಂದೆ ತಂದರು. ಅಲ್ಲಿ ಮೂರು ಡೋಲು: ಇಯಾ, ಇಟೋಟೆಲೆ, ಒಕೊಂಕೊಲೊ. ಕೂತು ತೊಡೆಯ ಮೇಲಿಟ್ಟು ಎರಡೂ ಬಾಯಿಗೆ ಬರಿಗೈ. ಇಲ್ಲಿ ಒಂದೊಂದು ದೇವರಿಗೆ ಒಂದೊಂದು ಮೇಳ ಇದ್ದರೆ, ಅಲ್ಲಿ ಎಲ್ಲ ದೇವರಿಗೂ ಬಾಟಾ ಒಂದೇ. ದಿನಬಳಕೆಯಲ್ಲಿ ಯೊರುಬಾ ಅಲ್ಲಿ ಉಳಿಯಲಿಲ್ಲ. ಹಾಗಾಗಿ ಇಲ್ಲಿ ಬಾರಿಸುವವನು ಎದುರಿಗಿದ್ದವರನ್ನು ನೋಡಿ ಹೊಸ ಸಾಲು ಸೇರಿಸುತ್ತ ಹೋದರೆ, ಅಲ್ಲಿಯವರು ಕೈಗೆ ಬಂದ ಸಾಲನ್ನು ಒಂದು ಪೆಟ್ಟೂ ಬಿಡದೆ ಕಾಪಾಡಿಕೊಂಡು ಬಂದಿದ್ದಾರೆ. ಯಾವುದು ಹೆಚ್ಚು ಅನ್ನುವ ಚರ್ಚೆ ಎರಡೂ ಕಡೆ ಇದೆ. ನನಗಂತೂ ಗೊತ್ತಿರುವ ಮಾತಿಗಿಂತ ಗೊತ್ತಿಲ್ಲದ ಮಾತನ್ನು ಇಷ್ಟು ನಿಖರವಾಗಿ ಇಟ್ಟುಕೊಳ್ಳುವುದೇ ದೊಡ್ಡ ಕಷ್ಟ ಅನ್ನಿಸುತ್ತದೆ.

ಕ್ಯೂಬಾದಲ್ಲಿ ಪ್ರತಿಷ್ಠೆಯಾದ ಬಾಟಾವನ್ನು ಹೆಂಗಸರು ಮುಟ್ಟುವಂತಿಲ್ಲ ಅನ್ನುವುದು ಹಳೆಯ ಕಟ್ಟು. ಇಲ್ಲಿಯೂ ಬಾರಿಸುವುದು ಗಂಡಸರ ಕೆಲಸ ಅಂತಲೇ ನಡೆದುಬಂದಿದೆ. ಆದರೆ ಅರಾ ಎಂಬ ಹೆಸರಿನಲ್ಲಿ ಪ್ರಸಿದ್ಧರಾದ ಅರಾಲೊಲಾ ಒಲಮುಯಿವಾ ಮಾತಾಡುವ ಡೋಲು ಹಿಡಿದೇ ವೇದಿಕೆ ಹತ್ತಿದವರು. ಈ ಮನೆಯಲ್ಲೂ ಇಬ್ಬರು ಹುಡುಗಿಯರು ಒಮೆಲೆ ಕಲಿಯುತ್ತಿದ್ದರು. ಚಿಕ್ಕಪ್ಪನಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ. "ಆಯಾನ್ ರಕ್ತ ಅಲ್ವಾ" ಅಂದು ಮುಂದಿನ ಮಾತಿಗೆ ಹೋದರು.

ಗುರುವಾರ, ಓಶೊಗ್ಬೊ

ಓಶುನ್ ನದಿಯ ದಂಡೆಯ ದೇವರಕಾಡು. ಸುಮಾರು 75 ಹೆಕ್ಟೇರ್. ಸುತ್ತ ಊರು ಬೆಳೆದಿದೆ, ಒಳಗೆ ಹಳೆಯ ಮರಗಳು, ಮಂಗಗಳು. 1950ರಲ್ಲಿ ನೈಜೀರಿಯಾಕ್ಕೆ ಬಂದ ಆಸ್ಟ್ರಿಯಾದ ಕಲಾವಿದೆ ಸೂಸನ್ ವೆಂಗರ್ ಇಲ್ಲಿಯ ದೇವರುಗಳ ದೀಕ್ಷೆ ಪಡೆದು, ಸ್ಥಳೀಯ ಕುಶಲಕರ್ಮಿಗಳ ಜೊತೆ ಈ ಕಾಡಿನ ಗುಡಿಗಳನ್ನು ಮತ್ತೆ ಎಬ್ಬಿಸಿದರು. 2009ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. 1965ರಲ್ಲಿ ಕಾಡಿಗೆ ರಾಷ್ಟ್ರೀಯ ಸ್ಮಾರಕದ ರಕ್ಷಣೆ, 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ. ವೆಂಗರ್ ಅವರ ಸಿಮೆಂಟಿನ ಮೂರ್ತಿಗಳು ಕೆಲವು ಅದ್ಭುತ, ಕೆಲವು ನನಗೆ ಸ್ವಲ್ಪ ಜಾಸ್ತಿ ಆಯ್ತು ಅನ್ನಿಸಿತು.

ಇಲ್ಲಿನ ಓಶುನ್ ಹಬ್ಬದ ಹದಿನಾರು ಬತ್ತಿಯ ದೀಪ ಹಚ್ಚುವುದು ಹೋದ ವಾರವೇ ಮುಗಿದಿತ್ತು. ಕೊನೆಯ ದಿನ ಶುಕ್ರವಾರ. ಊರಿನ ಲಾಡ್ಜುಗಳೆಲ್ಲ ತುಂಬಿ, ನಾವು ಎರಿನ್-ಓಶುನ್‌ನಲ್ಲೇ ಉಳಿದೆವು.

ಶುಕ್ರವಾರ, ಓಶುನ್ ಹಬ್ಬ

ಬೆಳಗಿನಿಂದಲೇ ಅರಮನೆಯ ಮುಂದೆ ಜನ. ಬ್ರೆಜಿಲ್‌ನಿಂದ ಬಂದವರು ಬಿಳಿ ಬಟ್ಟೆಯಲ್ಲಿ, ಹಳದಿ ಮಣಿಸರ. ಹುಡುಗರ ಗುಂಪುಗಳು ಉದ್ದ ಬೆತ್ತ ಹಿಡಿದು ಒಬ್ಬರ ಕಾಲಿಗೆ ಒಬ್ಬರು ಬಾರಿಸಿಕೊಳ್ಳುತ್ತ ಓಡುತ್ತಿದ್ದರು. ಅದೂ ಹಬ್ಬದ ಭಾಗವೇ. ಪಕ್ಕದಲ್ಲಿ ನಿಂತರೆ ನಮಗೂ ಪಾಲು ಸಿಗುತ್ತದೆ, ಹುಷಾರು.

ಊರಿನ ಕಥೆ ಸಣ್ಣದು. ನೀರು ಹುಡುಕಿಕೊಂಡು ಬಂದ ಜನ ನದಿ ದಂಡೆಯಲ್ಲಿ ಮರ ಕಡಿದರು. ಮರ ನೀರಿಗೆ ಬಿತ್ತು. ನನ್ನ ಬಣ್ಣದ ಮಡಕೆಗಳನ್ನೆಲ್ಲ ಒಡೆದುಹಾಕಿದಿರಲ್ಲ ಅಂತ ನದಿಯೊಳಗಿಂದ ದನಿ ಬಂತು. ಅದು ಓಶುನ್ ತಾಯಿ. ಅವಳ ಜೊತೆ ಆದ ಒಪ್ಪಂದವನ್ನೇ ಪ್ರತಿ ಆಗಸ್ಟ್‌ನಲ್ಲಿ ಹೊಸದು ಮಾಡುತ್ತಾರೆ.

ಅರುಗ್ಬಾ ಹೊರಗೆ ಬಂದಾಗ ಜನ ಒಮ್ಮೆಲೆ ಒತ್ತಿಕೊಂಡರು. ಮದುವೆಯಾಗದ ಹುಡುಗಿ, ರಾಜಮನೆತನದವಳು. ತಲೆಯ ಮೇಲೆ ಬಟ್ಟೆ ಹೊದಿಸಿದ ದೊಡ್ಡ ಸೋರೆ ಬುರುಡೆ, ಅದರಲ್ಲಿ ಊರಿನ ಹರಕೆ. ಮಾತಾಡಬಾರದು, ಎಡವಬಾರದು. ಎಡವಿದರೆ ಊರಿಗೇ ಕೆಡುಕು ಅನ್ನುತ್ತಾರೆ. ಸುತ್ತ ಡುಂಡುನ್‌ನವರು, ಅಗಲ ಬಾಯಿಯ ಬೆಂಬೆ ಡೋಲಿನವರು. ಓಶುನ್‌ಗೆ ಬೆಂಬೆ ಅಂದರೆ ಇಷ್ಟ. ಅವಳ ಮುಂದೆ ಹಿಂದೆ ನಡೆಯುತ್ತ, ಅವಳ ನಡಿಗೆಗೆ ಸರಿಯಾಗಿ ಬಾರಿಸುತ್ತಿದ್ದರು. ಜನ ನುಗ್ಗಿದ ಕಡೆ ಡೋಲಿನವರೇ ಮೈ ಅಡ್ಡ ಕೊಟ್ಟು ದಾರಿ ಬಿಡಿಸುತ್ತಿದ್ದರು.

ಒಂದು ಸಿಟ್ಟೂ ಇದೆ. ದಾರಿಯ ಪಕ್ಕ ಪ್ರಾಯೋಜಕರ ಡೇರೆ, ಮಾಳಿಗೆ ಎತ್ತರದ ಸ್ಪೀಕರ್. ಮೆರವಣಿಗೆ ಹತ್ತಿರ ಬಂದಾಗಲೂ ಹಾಡು ನಿಲ್ಲಿಸಲಿಲ್ಲ. ಅಷ್ಟು ದೂರವೂ ಬಾರಿಸುವವರ ಕೈ ಆಡುತ್ತಿದ್ದದ್ದು ಕಾಣುತ್ತಿತ್ತು, ಒಂದು ಅಕ್ಷರ ಕೇಳಿಸಲಿಲ್ಲ. ಕುಣಿತದ ಹಾಡಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಅಲ್ಲಿ ಡೋಲು ದೇವಿಯ ಜೊತೆ ಮಾತಾಡುತ್ತಿತ್ತು.

ಕಾಡಿನೊಳಗೆ, ನದಿಯ ಬಳಿ, ಮತ್ತೆ ಕೇಳಿಸಿತು. ಜನ ಕ್ಯಾನ್‌ಗಳಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ಮಕ್ಕಳಿಲ್ಲದವರು ಹರಕೆ ಹೇಳಿಕೊಳ್ಳುತ್ತಿದ್ದರು. ನೀರು ಮಾತ್ರ ಕೆಂಪು ಕಂದು. ಮೇಲ್ಭಾಗದಲ್ಲಿ ಚಿನ್ನ ಅಗೆಯುವ ಮಣ್ಣೆಲ್ಲ ನದಿಗೆ ಬರುತ್ತಿದೆ. 2022ರಲ್ಲಿ ಈ ನೀರು ಕುಡಿಯಬೇಡಿ ಅಂತ ರಾಜ್ಯ ಸರ್ಕಾರವೇ ಭಕ್ತರಿಗೆ ಎಚ್ಚರಿಕೆ ಕೊಟ್ಟಿತ್ತು. ನನ್ನ ಪಕ್ಕದ ಅಜ್ಜಿ ಬೊಗಸೆಯಲ್ಲಿ ಎತ್ತಿ ಕುಡಿದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆಗೆದು ಸುಮ್ಮನಾದರು.

ಶನಿವಾರ, ಇಲೆ-ಇಫೆ

ಯೊರುಬಾದವರ ಪ್ರಕಾರ ಜಗತ್ತು ಹುಟ್ಟಿದ್ದು ಇಫೆಯಲ್ಲಿ. ಬೆಳಿಗ್ಗೆ ಪುರಾಣದ ರಾಜ ಒರಾನ್ಮಿಯಾನ್‌ನ ಕಲ್ಲುಕಂಬ ನೋಡಿದೆವು, ಐದೂವರೆ ಮೀಟರ್ ಎತ್ತರ. ಮಧ್ಯಾಹ್ನ ಒಬಾತಲಾನ ಗುಡಿ.

ಒಬಾತಲಾ ಮಣ್ಣಿನಿಂದ ಮನುಷ್ಯರ ಮೈ ಮಾಡಿದವನು. ಒಂದು ದಿನ ಹೆಂಡ ಕುಡಿದು ಮಾಡಿದಾಗ ಕೈಕಾಲು ಸೊಟ್ಟ ಆದವಂತೆ. ಅಂಗವಿಕಲರೆಲ್ಲ ಅವನ ಆಸರೆಯಲ್ಲಿದ್ದಾರೆ, ಅವನ ಭಕ್ತರು ಹೆಂಡ ಮುಟ್ಟುವುದಿಲ್ಲ. ಎಲ್ಲವೂ ಬಿಳಿ. ಅವನ ಡೋಲಿನ ಹೆಸರು ಇಗ್ಬಿನ್. ನೆಲದ ಮೇಲೆ ತನ್ನದೇ ಕಾಲುಗಳಲ್ಲಿ ನಿಲ್ಲುವ ಗಿಡ್ಡ ಡೋಲು, ತೊಗಲಿಗೆ ಸುತ್ತ ಮರದ ಗೂಟ. ಕೊರಳಿಗೆ ಹಾಕಿಕೊಂಡು ಓಡಾಡುವ ಮಾತೇ ಇಲ್ಲ. ಒಂದು ಪೆಟ್ಟು ಬಿದ್ದು ಅದರ ಗುಂಯ್‌ಗುಡುವಿಕೆ ಪೂರ್ತಿ ಇಳಿದ ಮೇಲೆ ಇನ್ನೊಂದು. ಮುದುಕಿಯರು ಸೊಂಟ ಬಗ್ಗಿಸಿ, ಪಾದ ಎತ್ತದೆ ಜಾರಿಸುತ್ತ ಕುಣಿದರು. ಬಾಟಾದ ಚಟೀರ್ ಇನ್ನೂ ಕಿವಿಯಲ್ಲಿದ್ದ ನನಗೆ ಮೊದಲು ಇದು ಕೆಲಸಕ್ಕೆ ಬಾರದ್ದು ಅನ್ನಿಸಿತು. ಅರ್ಧ ಗಂಟೆಯ ನಂತರ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಓಗುನ್‌ಗೂ ಬೇಟೆಗಾರರಿಗೂ ಅಗೆರೆ, ಇಫಾಗೆ ಇಪೆಸೆ, ಹೀಗೆ ಇನ್ನೂ ಇವೆ. ತಪ್ಪು ಡೋಲು ಬಾರಿಸಿದರೆ ದೇವರು ಬರುವುದಿಲ್ಲವಾ ಅಂತ ಗುಡಿಯ ಹಿರಿಯರನ್ನು ಕೇಳಿದೆ. "ಬೇರೆಯವರನ್ನು ಕರೆಯುವ ದನಿಗೆ ನೀನು ಎದ್ದು ಬರ್ತೀಯಾ?" ಅಂದರು.

ಹೋಗುವವರಿಗೆ ಎರಡು ಮಾತು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಕಾರ್ಡ್ ಇಟ್ಟುಕೊಳ್ಳಿ. ಅಲ್ಲಿ ಇಳಿಯುವಾಗಲೂ ಬೇಕು, ವಾಪಸ್ ಇಂಡಿಯಾಕ್ಕೆ ಬರುವಾಗಲೂ ಬೇಕು, ಇಲ್ಲದಿದ್ದರೆ ನಮ್ಮ ಏರ್‌ಪೋರ್ಟ್‌ನಲ್ಲೇ ಕ್ವಾರಂಟೈನ್‌ಗೆ ಹಾಕುತ್ತಾರೆ. ಇನ್ನೊಂದು ಹಣದ ವಿಷಯ. ಬಾರಿಸುವವರಿಗೆ ಸಂಬಳ ಅಂತ ಇಲ್ಲ, ಜನ ಕೊಟ್ಟದ್ದೇ ಸಂಪಾದನೆ. ಹಣೆಗೆ ನೋಟು ಅಂಟಿಸುವುದು, ಮೈಮೇಲೆ ಎರಚುವುದು ಹಳೆಯ ರೂಢಿ. ಆದರೆ 2007ರ ಸೆಂಟ್ರಲ್ ಬ್ಯಾಂಕ್ ಕಾಯ್ದೆಯ ಪ್ರಕಾರ ಅಲ್ಲಿನ ಹಣ ನೈರಾವನ್ನು ಎರಚುವುದು ಅಪರಾಧ, 2024ರಲ್ಲಿ ಜೈಲಿಗೆ ಹೋದವರೂ ಇದ್ದಾರೆ. ಸುಮ್ನೆ ಕೈಗೆ ಕೊಡಿ. ಇನ್ನೂರರ ನೋಟು ಒಂದು ಕಟ್ಟು ಇಟ್ಟುಕೊಳ್ಳಿ. ಡೋಲು ಒಮ್ಮೆ ನಿಮ್ಮಪ್ಪನ ಹೆಸರು ಹಿಡಿಯಿತು ಅಂದರೆ ಅದೂ ಸಾಲುವುದಿಲ್ಲ.